ಕಿವಿಯಿಂದ ಆರಿಸಿ ತಂದ ಸರ್ವರ್

ನಮ್ಮ ಮನೆಯವರನ್ನು ಕೆಲಸದ ಜಾಗದಲ್ಲಿ ಎಲ್ಲರೂ ಕರೆಯುವುದು ಡೀಸೆಲ್ ಅಣ್ಣ ಎಂದು. ಹನ್ನೊಂದು ಮಹಡಿಯ ಕಚೇರಿ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಮೂರು ದೊಡ್ಡ ಜನರೇಟರ್‌ಗಳಿವೆ. ಇಪ್ಪತ್ತೆರಡು ವರ್ಷದಿಂದ ಅವುಗಳ ಚಾಕರಿ ಇವರದು. ಪಕ್ಕದಲ್ಲಿ ಕೈಕಟ್ಟಿ ನಿಂತು, ತಲೆ ಸ್ವಲ್ಪ ವಾಲಿಸಿ, "ಮೂರನೇ ಸಿಲಿಂಡರ್ ಗೊಣಗ್ತಾ ಇದೆ" ಎನ್ನುತ್ತಾರೆ. ಬಿಚ್ಚಿ ನೋಡಿದರೆ ಮೂರನೆಯದೇ. ಡೀಸೆಲ್ ಅಣ್ಣನ ಕಿವಿ ಎಂದರೆ ಅಲ್ಲಿ ದೊಡ್ಡ ಸಾಹೇಬರೂ ಎದುರು ಮಾತಾಡುವುದಿಲ್ಲ. ಅಂಥ ಕಿವಿಗೆ ನನ್ನ ಮಾತು ಮಾತ್ರ ಬೀಳುತ್ತಿರಲಿಲ್ಲ.

ನಾನು ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವವಳು. ಒಂದು ಕೊಂಬು ಹೆಚ್ಚಾದರೂ ಕಣ್ಣಿಗೆ ಚುಚ್ಚುತ್ತದೆ, ಬೈಯದೆ ಬಿಡುವವಳಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಎರಡು ಮೂರು ವರ್ಷದಿಂದ ನಮ್ಮ ಮನೆಯಲ್ಲಿ ನಡೆಯುತ್ತಿದ್ದುದು ಎಂಥವರ ಪಿತ್ತವನ್ನೂ ನೆತ್ತಿಗೇರಿಸುವಂಥದು. ಅಡಿಗೆಮನೆಯಿಂದ ಏನು ಹೇಳಿದರೂ ಇವರದು "ಹೂಂ". ಪ್ರಶ್ನೆ ಕೇಳಿದರೂ "ಹೂಂ". ಬೇಕೋ ಬೇಡವೋ ಎಂದರೂ "ಹೂಂ". ಕೆಳಗಿನ ಮನೆಯ ಯಜಮಾನರು ಮೆಟ್ಟಿಲಲ್ಲಿ ಕೆಮ್ಮಿದರೆ ಬಾಗಿಲು ತೆಗೆಯಲು ಏಳುವ ಮನುಷ್ಯ, ಹೆಂಡತಿ ಮೂರು ಸಲ ಕರೆದರೂ ಪತ್ರಿಕೆ ಮಡಿಸುವುದಿಲ್ಲ. ಟಿ.ವಿ.ಯಲ್ಲಿ ಗಡಸು ಗಂಟಲಿನವನು ವಾರ್ತೆ ಓದಿದರೆ ಒಂದಕ್ಷರ ಬಿಡದೆ ಒಪ್ಪಿಸುತ್ತಾರೆ. ಇದಕ್ಕೆ ಏನೆನ್ನಬೇಕು? ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳುವ ಮನಸ್ಸಿಲ್ಲ ಎಂದುಕೊಂಡೆ.

ಹೋದ ವರ್ಷ ಸ್ನಾನ ಮಾಡುವಾಗ ನನ್ನ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತು. ಮೂರು ದಿನ ಯಾರಿಗೂ ಹೇಳದೆ ಒಳಗೇ ಬೆಂದೆ. ನಾಲ್ಕನೇ ದಿನ ಡಾಕ್ಟರಿಗೆ ತೋರಿಸಿದೆ. ಮರುದಿನ ಬೆಳಿಗ್ಗೆ ಪಾತ್ರೆ ತೊಳೆಯುತ್ತ, ಇವರು ನನ್ನ ಬೆನ್ನ ಹಿಂದೆ ಕೂತು ಶೂ ಹಾಕಿಕೊಳ್ಳುತ್ತಿದ್ದಾಗ, ಹೇಳಿದೆ. ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ. ಗಂಟಿದೆ, ಗುರುವಾರ ಸ್ಕ್ಯಾನ್‌ಗೆ ಬರಹೇಳಿದ್ದಾರೆ, ಭಯ ಆಗುತ್ತಿದೆ ಎಂದೆ. "ಹೂಂ, ಆಯ್ತು" ಎಂದು ಊಟದ ಡಬ್ಬಿ ಎತ್ತಿಕೊಂಡು ಹೊರಟೇಹೋದರು. ಸಂಜೆ ಬಂದು ಆ ಸುದ್ದಿ ಎತ್ತಲಿಲ್ಲ. ಗುರುವಾರ ನಾನೊಬ್ಬಳೇ ಹೋಗಿ ಬಂದೆ. ಕೊಬ್ಬಿನ ಗಂಟು, ಹೆದರಬೇಡಿ ಎಂದರು ಡಾಕ್ಟರು. ಗಂಟಿನ ಭಯ ಅಲ್ಲಿಗೆ ಹೋಯಿತು, ಆ "ಹೂಂ, ಆಯ್ತು" ಮಾತ್ರ ಹೋಗಲಿಲ್ಲ. ಮಗಳ ಓದು ಮುಗಿಯಲು ಇನ್ನೊಂದು ವರ್ಷ. ಆಮೇಲೆ ನನ್ನ ಅಕ್ಕನ ಮನೆಗೆ ಹೋಗಿ ಇದ್ದುಬಿಡುವುದು ಎಂದು ಗಟ್ಟಿ ಮಾಡಿಕೊಂಡೆ. ಅಕ್ಕನಿಗೂ ಹೇಳಿಯಾಗಿತ್ತು, ಅವಳು ಒಂದು ಕೋಣೆಯನ್ನೂ ತೆರವು ಮಾಡಿಟ್ಟಿದ್ದಳು.

ಇಂಥ ಹೊತ್ತಿನಲ್ಲಿ ಇವರಿಗೆ ಸರ್ವರ್ ಹುಚ್ಚು ಹಿಡಿಯಿತು.

ಇವರ ಕಟ್ಟಡದ ಎಂಟನೇ ಮಹಡಿಯಲ್ಲಿ ಗಾಜಿನ ಬಾಗಿಲಿನ ಒಂದು ಕೋಣೆಯಿದೆ. ಅಲ್ಲಿಯ ಕಂಪ್ಯೂಟರುಗಳ ಕಡತವನ್ನೆಲ್ಲ ಇಟ್ಟುಕೊಂಡು ಕೇಳಿದಾಗ ಒದಗಿಸುವ ಯಂತ್ರಗಳು, ಅಂದರೆ ಸರ್ವರ್‌ಗಳು, ಕಬ್ಬಿಣದ ರ‍್ಯಾಕುಗಳಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ಜನರೇಟರ್ ಇರುವುದೇ ಮುಖ್ಯವಾಗಿ ಅವಕ್ಕಾಗಿ. ಆದರೆ ನೆಲಮಾಳಿಗೆಯವರಿಗೆ ಅಲ್ಲಿ ಪ್ರವೇಶವಿಲ್ಲ. ಒಂದು ದಿನ ಕರೆಂಟು ಹೋಗಿ ಒಂಬತ್ತು ಗಂಟೆ ಬರಲೇ ಇಲ್ಲ, ಇವರು ಊಟಕ್ಕೂ ಏಳದೆ ಜನರೇಟರ್ ಓಡಿಸಿದರು. ಆ ಕೋಣೆಯ ಉಸ್ತುವಾರಿಯ ಎಂಜಿನಿಯರ್ ಹುಡುಗಿ ಮರುದಿನ ಇವರನ್ನು ಒಳಗೆ ಕರೆದು ಎಲ್ಲವನ್ನೂ ತೋರಿಸಿದಳಂತೆ. ಆ ಸಂಜೆ ಇವರು ಶೂ ಬಿಚ್ಚದೆ ಬಾಗಿಲಲ್ಲೇ ನಿಂತು ಶುರು ಮಾಡಿದರು.

"ಇಪ್ಪತ್ತೆರಡು ವರ್ಷ ಅನ್ನ ಹಾಕಿದೀನಿ ಕಣೇ ಅದಕ್ಕೆ. ಇವತ್ತು ಮೊದಲ ಸಲ ಮುಖ ನೋಡಿದೆ. ಒಂದು ನಮ್ಮ ಮನೇಲೂ ಇರಲಿ. ಹಳೇದು ಸಿಗುತ್ತಂತೆ. ಬಿಚ್ಚಿ ಜೋಡಿಸಿ ಕಲೀತೀನಿ, ನಮ್ಮ ಫೋಟೋ ಎಲ್ಲ ಅದರಲ್ಲೇ ಇಡೋಣ."

"ಐವತ್ತನಾಲ್ಕನೇ ವಯಸ್ಸಿಗೆ ಇದೊಂದು ಬಾಕಿ ಇತ್ತಾ?" ಎಂದೆ, ಕರಡಿನಿಂದ ತಲೆ ಎತ್ತದೆ.

"ಹೂಂ" ಎಂದರು, ಸಂತೋಷದಿಂದ.

ಮುಂದಿನ ಎರಡು ತಿಂಗಳು ಮನೆಯಲ್ಲಿ ಬೇರೆ ಮಾತಿಲ್ಲ. ಹಾಲ್‌ಗೆ ಅಂಟಿಕೊಂಡ ಸಣ್ಣ ಸಾಮಾನು ಕೋಣೆ ಖಾಲಿಯಾಯಿತು. ಅದರ ಗೋಡೆಗೆ ಆನಿಸಿಯೇ ನನ್ನ ಮೇಜು. ಸರ್ವರ್‌ನ ದಪ್ಪವನ್ನು ‘ಯು’ ಎಂಬ ಅಳತೆಯಲ್ಲಿ ಹೇಳುತ್ತಾರಂತೆ, ಒಂದು ಯು ಎಂದರೆ ಒಂದೂ ಮುಕ್ಕಾಲು ಇಂಚು. ಎಂಟನೇ ಮಹಡಿಯಲ್ಲಿರುವಂಥ ಆಳೆತ್ತರದ ರ‍್ಯಾಕು ನಲವತ್ತೆರಡು ಯು. ಅದು ನಮ್ಮ ಬಾಗಿಲಲ್ಲಿ ನಿಂತು ಬರುವುದಿಲ್ಲ, ಮಲಗಿ ಬಂದರೆ ಒಳಗೆ ಎದ್ದು ನಿಲ್ಲಲು ಜಾಗವಿಲ್ಲ. ಹಾಗಾಗಿ ಹದಿನೈದು ಯು ಸಾಕು ಎಂದಾಯಿತು. ಬಾಗಿಲು ಹಾಕುವ ಪೆಟ್ಟಿಗೆಯೋ, ಬರೀ ಚೌಕಟ್ಟೋ ಎಂದು ಒಂದು ವಾರ ಗುದ್ದಾಟ. ಪೆಟ್ಟಿಗೆಗೆ ಧೂಳು ಕಡಿಮೆ, ಆದರೆ ಬಿಸಿ ಒಳಗೇ ಕೂರುತ್ತದೆ. ಕೊನೆಗೆ ಚೌಕಟ್ಟೇ ಗೆದ್ದಿತು, ಅದೂ ಚಕ್ರದ್ದು. ಹಿಂಭಾಗದ ವೈರಿಗೆ ಕೈ ಹಾಕಬೇಕಾದರೆ ಎಳೆದುಕೊಳ್ಳಬಹುದಲ್ಲ.

ಆಮೇಲೆ ಆಳದ ಪೇಚು. ಸರ್ವರ್ ಎಂಬುದು ಮುಂದಿನಿಂದ ನೋಡಿದರೆ ಪುಟ್ಟದು, ಹಿಂದಕ್ಕೆ ಎರಡೂವರೆ ಅಡಿ ಚಾಚಿರುತ್ತದೆ. ಎಷ್ಟೋ ಜನ ಆಳ ಕಡಿಮೆಯಿರುವ ರ‍್ಯಾಕು ತಂದು ಸರ್ವರ್ ಹಿಡಿಸದೆ ತಲೆ ಮೇಲೆ ಕೈ ಹೊತ್ತು ಕೂರುತ್ತಾರಂತೆ. ಇವರು ಅಂಥ ತಪ್ಪು ಮಾಡುವವರೇ? ರಟ್ಟಿನ ಡಬ್ಬ ಕತ್ತರಿಸಿ, ಉದ್ದ ಅಗಲ ದಪ್ಪಕ್ಕೆ ಸರಿಯಾಗಿ ಒಂದು ರಟ್ಟಿನ ಸರ್ವರ್ ಮಾಡಿದರು. ಅದನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿನ ತಿರುವುಗಳಲ್ಲಿ ಹತ್ತಿ ಇಳಿದು ಪರೀಕ್ಷೆ ಮಾಡಿದರು.

"ಏನ್ ಸ್ವಾಮಿ, ಖಾಲಿ ಡಬ್ಬಕ್ಕೆ ಇಷ್ಟೊಂದು ಉಪಚಾರ?" ಎಂದರು ಕೆಳಗಿನ ಮನೆಯ ಯಜಮಾನರು, ತಮ್ಮ ಬಾಗಿಲ ಮರೆಯಿಂದ. ಇವರಿಗೆ ಅದು ಸ್ಪಷ್ಟವಾಗಿ ಕೇಳಿಸಿತು, ಜೋರಾಗಿ ನಕ್ಕರು. ನಾನು ಮೇಲಿನಿಂದ ಎಲ್ಲವನ್ನೂ ನೋಡುತ್ತಿದ್ದೆ.

ಕರೆಂಟಿನ ವಿಷಯ ಇವರಿಗೆ ಬಾಯಿಪಾಠ. ಕೋಣೆಗೆ ಬೇರೆಯೇ ವೈರು ಎಳೆದರು. ಕರೆಂಟು ಹೋದಾಗ ಬೇಕಾಗುವ ಭಾರದ ಬ್ಯಾಟರಿ ಎಲ್ಲಕ್ಕಿಂತ ಕೆಳಗೆ ಕೂರಬೇಕು, ಇಲ್ಲವಾದರೆ ರ‍್ಯಾಕು ಮುಗ್ಗರಿಸುತ್ತದೆ ಎಂದು ನನಗೂ ಪಾಠ ಮಾಡಿದರು. ಉಳಿದದ್ದು ಸರ್ವರ್ ಒಂದೇ. ಅದಕ್ಕೆ ಎಂಜಿನಿಯರ್ ಹುಡುಗಿ ಬರೆದುಕೊಟ್ಟ ಹಾಳೆಯೊಂದಿತ್ತು. ಅವಳ ಕೋಣೆಯ ಗದ್ದಲದಲ್ಲಿ ಮಾತು ಮುಟ್ಟುವುದಿಲ್ಲವೆಂದು ಬರೆದೇ ಕೊಟ್ಟಿದ್ದಳು. ಮಗಳು ಇವರ ತೋಳು ಹಿಡಿದು, ಮುಖಕ್ಕೆ ಮುಖ ಕೊಟ್ಟು, ಜೋರಾಗಿ ಓದಿದಳು. ಅಪ್ಪನ ಹತ್ತಿರ ಅವಳು ಮಾತಾಡುವುದೇ ಹಾಗೆ.

"ತೆಳ್ಳಗಿನ ಸರ್ವರ್ ಸಾಮಾನ್ಯವಾಗಿ ಗಲಾಟೆ ಜಾಸ್ತಿ. ಅದರ ಫ್ಯಾನು ಚಿಕ್ಕದು, ತುಂಬಾ ವೇಗವಾಗಿ ತಿರುಗಬೇಕು. ಆದರೆ ಬರೆದದ್ದನ್ನು ನಂಬಬೇಡಿ. ಅಂಗಡಿಯಲ್ಲಿ ಎದುರಿಗೇ ಓಡಿಸಿ, ಕಿವಿಯಿಂದ ಕೇಳಿ, ಮೆತ್ತಗಿರೋದನ್ನ ತಗೊಳ್ಳಿ."

"ಕಿವಿ ವಿಷಯ ನನಗೆ ಹೇಳ್ಬೇಕಾ!" ಎಂದು ಇವರು ಮೀಸೆ ತಿರುವಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಬಾರೇ, ಇಬ್ರೂ ಹೋಗಿ ನೋಡೋಣ" ಎಂದರು.

ಬರುವುದಿಲ್ಲವೆಂದೆ. ಕೆಲಸವಿದೆ ಎಂದು ಹೇಳಿದ್ದು ಸುಳ್ಳು. ನಾನೊಬ್ಬಳೇ ಸ್ಕ್ಯಾನ್‌ಗೆ ಹೋಗಿರಲಿಲ್ಲವೇ, ಇವರೂ ಒಬ್ಬರೇ ಹೋಗಲಿ ಎಂಬ ಹಟ.

ಶನಿವಾರ ಸಂಜೆ ಸರ್ವರ್ ಬಂತು. ತೆಳ್ಳಗಿನದೇ, ಒಂದು ಯು. "ಅಂಗಡಿಯವನು ಪಾಪ, ಒಳ್ಳೆಯವನು ಕಣೇ. ಇದೇನಾ, ಮನೇಲೇ ಇಡ್ತೀರಾ ಅಂತ ಮೂರು ಸಲ ಕೇಳಿದ. ಐದು ಓಡಿಸಿ ನೋಡಿದೆ. ದಪ್ಪ ಇರೋವೆಲ್ಲ ಗುಂಯ್ ಅಂತಿದ್ವು. ಇದೊಂದೇ ತೆಪ್ಪಗಿತ್ತು" ಎಂದು ಅದರ ಬೆನ್ನು ಸವರಿದರು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ರ‍್ಯಾಕಿನ ಎದುರು ಸ್ಟೂಲು ಹಾಕಿಕೊಂಡು, ಗುಂಡಿ ಒತ್ತಿದರು.

ಅಯ್ಯೋ ದೇವರೇ! ನಾನು ಕೈಯಲ್ಲಿದ್ದ ಪೆನ್ನು ಬಿಸಾಡಿ ಎದ್ದೆ. ಮೂರು ಕುಕ್ಕರು ಒಟ್ಟಿಗೇ ಸೀಟಿ ಹಾಕಿ ನಿಲ್ಲಿಸದೇ ಹೋದರೆ ಹೇಗಿರುತ್ತದೋ ಹಾಗೆ. ಸ್ವಲ್ಪ ಹೊತ್ತಿಗೆ ಇಳಿದೀತು ಎಂದು ಕಾದರೆ, ಅರ್ಧ ಇಳಿದು, ಅಲ್ಲೇ ನಿಂತು, ಹಲ್ಲಿನ ಬೇರಿಗೆ ಮುಟ್ಟುವಂತೆ ಕೀರಲು ಹತ್ತಿತು. ಮಗಳು ಎರಡೂ ಕಿವಿ ಮುಚ್ಚಿಕೊಂಡು ಓಡಿ ಬಂದಳು. ಇವರು ಸ್ಟೂಲಿನ ಮೇಲೆ ಆರಾಮಾಗಿ ಕೂತು ನಮ್ಮಿಬ್ಬರ ಕಡೆ ನೋಡಿ ನಕ್ಕರು.

"ನೋಡಿದ್ರಾ? ಉಸಿರು ಕೂಡ ಕೇಳಿಸಲ್ಲ."

ತಮಾಷೆ ಎಂದುಕೊಂಡೆ. ಕಿರುಚಿದೆ. ಆ ಹಾಳು ಪೆಟ್ಟಿಗೆ ಆರಿಸಿ, ಇಲ್ಲವಾದರೆ ನಾನೇ ವೈರು ಕಿತ್ತು ಹಾಕುತ್ತೇನೆ, ಹೆಂಡತಿ ಮಗಳು ಮನುಷ್ಯರಲ್ಲವೇ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಇವರು ನನ್ನ ತುಟಿಯನ್ನೇ ನೋಡುತ್ತಿದ್ದರು. "ಯಾಕೆ ಕೂಗ್ತಾ ಇದೀಯ? ಏನಾಯ್ತು?" ಎಂದರು. ಮುಖದಲ್ಲಿ ಕುಚೋದ್ಯವಿರಲಿಲ್ಲ, ನಿಜವಾಗಿಯೂ ಗೊತ್ತಾಗದವರ ಮುಖ.

ಅಷ್ಟರಲ್ಲಿ ಕೆಳಗಿನ ಮನೆಯ ಯಜಮಾನರು ಮೇಲೆ ಬಂದು, ಇವರ ಬೆನ್ನ ಹಿಂದೆ ನಿಂತು, "ಏನ್ ಸ್ವಾಮಿ, ವಿಮಾನ ಇಳಿಸ್ತಿದೀರಾ?" ಎಂದರು. ಇವರು ತಟ್ಟನೆ ತಿರುಗಿ, "ಬನ್ನಿ ಬನ್ನಿ, ಯಾವ ವಿಮಾನ?" ಎಂದರು.

ಮಗಳು ಹೋಗಿ ಸರ್ವರ್ ಆರಿಸಿದಳು. ಯಜಮಾನರು ಸಮಾಧಾನವಾಗಿ ಇಳಿದುಹೋದರು. ಅವಳು ತನ್ನ ಫೋನು ತಂದು ಮೇಜಿನ ಮೇಲಿಟ್ಟು, "ಅಪ್ಪಾ, ಒಂದು ಶಬ್ದ ಹಾಕ್ತೀನಿ. ಕೇಳಿಸೋ ತನಕ ಬೆರಳು ಎತ್ತಿ ಹಿಡ್ಕೋ" ಎಂದಳು. ದಪ್ಪ ಶಬ್ದದಿಂದ ಶುರುವಾಯಿತು. ಇವರು ಶಾಲೆಯ ಮಗುವಿನ ಹಾಗೆ ಬೆರಳೆತ್ತಿ ಕೂತರು. ಶಬ್ದ ಸಣ್ಣಗಾಗುತ್ತ, ಚೂಪಾಗುತ್ತ ಹೋಯಿತು. ಒಂದು ಕಡೆ ಇವರು ಬೆರಳು ಇಳಿಸಿದರು.

"ಯಾಕೆ ನಿಲ್ಲಿಸಿಬಿಟ್ಟೆ?" ಎಂದರು.

"ನಿಲ್ಲಿಸಿಲ್ಲ ಅಪ್ಪಾ" ಎಂದಳು ಮಗಳು. ಫೋನಿನ ಕೀರು ನನ್ನ ಕಿವಿಯನ್ನು ಕೊರೆಯುತ್ತಲೇ ಇತ್ತು.

ಇವರು ಫೋನು ಎತ್ತಿಕೊಂಡು ಕಿವಿಗೆ ಒತ್ತಿ ಹಿಡಿದರು. ಬಲಗಿವಿ, ಆಮೇಲೆ ಎಡಗಿವಿ. ಮತ್ತೆ ಬಲಗಿವಿ. ಕೆಳಗಿಟ್ಟು, ಸಾಮಾನು ಕೋಣೆಗೆ ಹೋಗಿ ರ‍್ಯಾಕಿನ ತಿರುಪುಗಳನ್ನು ಒಂದೊಂದಾಗಿ ಬಿಗಿ ಮಾಡಲು ಕೂತರು. ಅವೆಲ್ಲ ಆಗಲೇ ಬಿಗಿಯಾಗಿದ್ದವು.

ಅಂದು ಇಡೀ ದಿನ ನನಗೆ ಒಂದೇ ಯೋಚನೆ. ಇವರಿಗೆ ಏನೇನು ಕೇಳಿಸಿಲ್ಲ ಎಂದು ಲೆಕ್ಕ ಹಾಕುತ್ತ ಹೋದೆ. ಮೂರು ಸಲ ಕರೆದದ್ದು, ಕೇಳಿದ್ದಕ್ಕೆ ಉತ್ತರ ಬಾರದೆ ನಾನು ಮುಖ ಊದಿಸಿಕೊಂಡದ್ದು, ನನ್ನ ತಮ್ಮನ ಮಗುವಿನ ಮಾತಿಗೆ ಇವರು ಸುಮ್ಮನೆ ನಕ್ಕದ್ದು. ಹಾಗಾದರೆ ಗಂಟಿನ ವಿಷಯ ಹೇಳಿದ ಆ ಬೆಳಗಿನ ಮಾತು? ಅದೂ ಕೇಳಿಸಿರಲಿಲ್ಲವೇ? ಇವರನ್ನೇ ಕೇಳಿದರೆ ಮುಗಿಯಿತಲ್ಲ ಎನ್ನಬಹುದು. ಕೇಳಲು ನನಗೆ ಹೆದರಿಕೆಯಾಯಿತು. ಕೇಳಿಸಿತ್ತು, ಮರೆತೆ ಎಂದುಬಿಟ್ಟರೆ? ಅದರ ನಂತರ ಈ ಮನೆಯಲ್ಲಿ ಒಂದು ದಿನವೂ ಇರಲಾರೆ. ಬುಧವಾರ ಕಿವಿ ಡಾಕ್ಟರಿಗೆ ಮಗಳು ಸಮಯ ಗೊತ್ತು ಮಾಡಿದಳು, ಅಲ್ಲಿಯವರೆಗೆ ಬಾಯಿ ಬಿಗಿಹಿಡಿದೆ.

ಇವರಿಗೆ ಕಿವಿಗಿಂತ ಮೊದಲು ಸರ್ವರ್ ಸರಿಹೋಗಬೇಕಿತ್ತು. ಸೋಮವಾರ ಸಂಜೆ, ಕರೆಯದಿದ್ದರೂ, ನಾನೂ ಹೊರಟೆ. ಹಳೆಯ ಕಂಪ್ಯೂಟರು ಮಾರುವವನ ಅಂಗಡಿ ಉದ್ದನೆಯ ಗೋದಾಮು. ಅವನು ನಮ್ಮನ್ನು ಕಂಡು, "ಬರ್ತೀರಾ ಅಂತ ಗೊತ್ತಿತ್ತು ಸಾರ್. ಅದನ್ನ ಮನೆಗೆ ಒಯ್ದವರು ಯಾರೂ ಎರಡು ದಿನಕ್ಕಿಂತ ಜಾಸ್ತಿ ಇಟ್ಕೊಂಡಿಲ್ಲ" ಎಂದ. ಒಂದೊಂದಾಗಿ ಓಡಿಸಿದ. ಇವರು ಪ್ರತಿಯೊಂದರ ಮೇಲೂ ಅಂಗೈ ಇಟ್ಟು ಅದುರು ನೋಡುತ್ತಿದ್ದರು, ನಾನು ಕೇಳಿ ತಲೆಯಾಡಿಸುತ್ತಿದ್ದೆ. ನಾಲ್ಕು ಯು ದಪ್ಪದ್ದೊಂದು, ಅಂಗೈಯಗಲದ ಫ್ಯಾನುಗಳದು, ಮೆಲ್ಲನೆ ಗುಂಯ್ ಎನ್ನುತ್ತಿತ್ತು.

"ಇದು" ಎಂದೆ.

"ಇದಾ? ಇದೇ ಜಾಸ್ತಿ ಸದ್ದು ಕಣೇ" ಎಂದವರು, ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ ಅಂಗಡಿಯವನಿಗೆ, "ಅವಳು ಹೇಳಿದ್ದೇ ಕಟ್ಟಿಕೊಡಿ" ಎಂದರು. ಇಪ್ಪತ್ತೆರಡು ವರ್ಷ ಕಿವಿಯಿಂದ ಹೆಸರು ಮಾಡಿದ ಮನುಷ್ಯ ಹಾಗೆ ತಲೆತಗ್ಗಿಸಿ ನಿಂತದ್ದು ನೋಡಿ ಪಾಪ ಎನಿಸಿತು. ಕೋಪ ಮಾತ್ರ ಪೂರ್ತಿ ಹೋಗಿರಲಿಲ್ಲ.

ಬುಧವಾರ ಆಸ್ಪತ್ರೆಯಲ್ಲಿ ಇವರನ್ನು ಗಾಜಿನ ಗೂಡಿನೊಳಗೆ ಕೂರಿಸಿ ಅರ್ಧ ಗಂಟೆ ಪರೀಕ್ಷೆ ಮಾಡಿದರು. ಪರೀಕ್ಷೆ ಮಾಡಿದಾಕೆ ನಮ್ಮಿಬ್ಬರ ಎದುರು ಒಂದು ಹಾಳೆ ಹಿಡಿದಳು. ಕಿವಿಗೆ ಕೇಳಿಸಿದ್ದರ ಗೆರೆ ದಪ್ಪ ದನಿಗಳಲ್ಲಿ ಸಮನಾಗಿ ಬಂದು, ಅರ್ಧದಿಂದಾಚೆಗೆ ಪಾತಾಳಕ್ಕೆ ಬಿದ್ದಿತ್ತು.

"ಜನರೇಟರ್ ಹತ್ರ ಕಿವಿ ಮುಚ್ಕೊಳ್ಳೋದು ಹಾಕ್ತಿರಲಿಲ್ವಾ?" ಎಂದು ಕೇಳಿದಳು.

"ಮುಚ್ಕೊಂಡ್ರೆ ಎಂಜಿನ್ ಏನು ಹೇಳ್ತಿದೆ ಅಂತ ಗೊತ್ತಾಗಲ್ವಲ್ಲಮ್ಮ" ಎಂದರು ಇವರು.

ಆಕೆ ನನ್ನ ಕಡೆ ತಿರುಗಿ ನಿಧಾನವಾಗಿ ಹೇಳಿದಳು. "ಇಂಥ ಕೆಲಸದವರಿಗೆ ಮೊದಲು ಹೋಗೋದು ಸಣ್ಣ ದನಿ. ಎಂಜಿನ್ ಕೇಳಿಸುತ್ತೆ, ಗಂಡಸರ ಗಡಸು ದನಿ ಕೇಳಿಸುತ್ತೆ. ಹೆಂಗಸರದು, ಮಕ್ಕಳದು ಕಷ್ಟ. ಅದರಲ್ಲೂ ಬೆನ್ನ ಹಿಂದೆ, ನಲ್ಲಿನೋ ಫ್ಯಾನೋ ಓಡ್ತಾ ಇದ್ರಂತೂ, ಯಾರೋ ಏನೋ ಅಂದ್ರು ಅಂತಷ್ಟೇ ಗೊತ್ತಾಗುತ್ತೆ."

ಆ ಬೆಳಿಗ್ಗೆ ನಲ್ಲಿ ಪೂರ್ತಿ ಬಿಟ್ಟಿದ್ದೆ. ಅಳು ಕೇಳಿಸಬಾರದೆಂದು ನಾನೇ ಬಿಟ್ಟಿದ್ದೆ.

ಡಾಕ್ಟರ ಸಹಿಗೆ ಕಾಯುತ್ತ ಹೊರಗಿನ ಬೆಂಚಿನಲ್ಲಿ ಕೂತೆವು. ಇವರು ಕೈ ಬೆರಳುಗಳನ್ನೇ ನೋಡುತ್ತ ಹೇಳಿದರು. "ನಂಗೆ ಅನುಮಾನ ಇತ್ತು. ನೀನು ಹೇಳೋದು ಅರ್ಧಂಬರ್ಧ ಬರ್ತಿತ್ತು. ಇನ್ನೊಂದು ಸಲ ಹೇಳು ಅಂದ್ರೆ ನಿಂಗೆ ಸಿಟ್ಟು ಬರುತ್ತೆ. ಒಂದು ಸಲ ಹೇಳಿದ್ರೆ ಸಾಕಾಗಲ್ವಾ ಅಂತೀಯ. ಅದಕ್ಕೆ ಹೂಂ ಅಂದುಬಿಡ್ತಿದ್ದೆ."

ಅನ್ನುತ್ತಿದ್ದೆ, ನಿಜ. ದಿನಕ್ಕೆ ನಾಲ್ಕು ಸಲ ಅನ್ನುತ್ತಿದ್ದೆ. ಪಕ್ಕದಿಂದ ಎದ್ದು, ಎದುರಿನ ಕುರ್ಚಿ ಎಳೆದುಕೊಂಡು, ಮುಖಕ್ಕೆ ಮುಖ ಕೊಟ್ಟು ಕೂತೆ.

"ರೀ, ಸ್ನಾನ ಮಾಡುವಾಗ ನನ್ನ ಎದೇಲಿ ಒಂದು ಗಂಟು ಸಿಕ್ತು" ಎಂದೆ.

ಮುಂದಿನದನ್ನು ಹೇಳಲು ಇವರು ಬಿಡಲಿಲ್ಲ. ಮುಖದ ಬಣ್ಣವೇ ಹೋಯಿತು. ಎದ್ದು ನಿಂತು, "ಚೀಟಿ ಎಲ್ಲಿ ಮಾಡಿಸ್ತಾರೆ? ಇಲ್ಲೇ ಇದೀವಲ್ಲ, ಈಗಲೇ ತೋರಿಸೋಣ" ಎನ್ನುತ್ತ ನನ್ನ ಚೀಲವನ್ನೂ ಎತ್ತಿಕೊಂಡು ಕೌಂಟರಿನ ಕಡೆ ಓಡುನಡಿಗೆಯಲ್ಲಿ ಹೊರಟೇಬಿಟ್ಟರು. "ರೀ, ನಿಲ್ಲಿ, ಅದು ಹೋದ ವರ್ಷದ್ದು!" ಎಂದು ಕೂಗಿದೆ. ಇಡೀ ಆಸ್ಪತ್ರೆ ತಿರುಗಿ ನೋಡಿತು, ಇವರು ತಿರುಗಲಿಲ್ಲ. ಸಾಲಿನಲ್ಲಿ ಐದನೆಯವರಾಗಿ ನಿಂತು, ಜೇಬಿನಲ್ಲಿ ಕನ್ನಡಕ ಹುಡುಕುತ್ತಿದ್ದರು.

ಹೋಗಿ ತೋಳು ಹಿಡಿದು ನನ್ನ ಕಡೆ ತಿರುಗಿಸಿಕೊಂಡೆ. "ಅದು ಹೋದ ವರ್ಷ. ಸ್ಕ್ಯಾನ್ ಆಯ್ತು. ಏನೂ ಇಲ್ಲ ಅಂದ್ರು. ನಾನು ಚೆನ್ನಾಗಿದೀನಿ" ಎಂದು ಒಂದೊಂದೇ ಮಾತು ಬಿಡಿಸಿ ಹೇಳಿದೆ. ನನ್ನ ತುಟಿ ನಿಲ್ಲುವವರೆಗೂ ಕಣ್ಣು ಕದಲಿಸದೆ ನೋಡಿದರು.

"ಸ್ಕ್ಯಾನ್‌ಗೆ ಒಬ್ಳೇ ಹೋಗಿದ್ಯಾ?" ಎಂದರು.

ಆ ಪ್ರಶ್ನೆ ಬಂದರೆ ಏನೇನು ಅನ್ನಬೇಕೆಂದು ಒಂದು ವರ್ಷದಿಂದ ಜೋಡಿಸಿಟ್ಟುಕೊಂಡಿದ್ದೆ. ಅದೆಲ್ಲ ಬಿಟ್ಟು ಹೌದೆಂದು ತಲೆಯಾಡಿಸಿದೆ. ಅಷ್ಟು ಜನರ ಎದುರಿಗೇ ಇವರ ಅಂಗಿ ಹಿಡಿದುಕೊಂಡು ಅತ್ತುಬಿಟ್ಟೆ.